ಊರ ರಸ್ತೆ ಓಟ: ಹೆಸರು ಕೊಡೋ ಮೊದಲು ಒಂದಿಷ್ಟು ಲೆಕ್ಕ

ಹಾವೇರಿ ಜಿಲ್ಲೆ ಕಡೆಯವರಿಗೆ ಓಟ ಅಂದ್ರೆ ಮೊದಲು ನೆನಪಾಗೋದು ಹೋರಿ. ದೀಪಾವಳಿ ಮುಗೀತು ಅಂದ್ರೆ ಊರೂರಲ್ಲಿ ಕೊಬ್ಬರಿ ಹೋರಿ ಹಬ್ಬ. ಹೋರಿ ಓಡತೈತಿ, ಅದರ ಕೊರಳಲ್ಲಿರೋ ಕೊಬ್ಬರಿ ಹರಿಯೋಕೆ ಹುಡುಗರು ಓಡ್ತಾರೆ, ಉಳಿದವರು ಜೀವ ಉಳಿಸಿಕೊಳ್ಳೋಕೆ ಓಡ್ತಾರೆ. ಅದಕ್ಕೆ ಯಾವ ತಯಾರಿಯೂ ಬೇಕಿಲ್ಲ, ಹೋರಿ ಹಿಂದೆ ಬಂದ್ರೆ ಕಾಲು ತಾನಾಗೇ ಕೆಲಸ ಮಾಡುತ್ತೆ. ನಾನು ಹೇಳ್ತಿರೋದು ಇನ್ನೊಂದು ಓಟದ ಬಗ್ಗೆ. ಚಿಕ್ಕೇರೂರು, ಹಂಸಭಾವಿ, ಹಿರೇಕೆರೂರು, ಹಾನಗಲ್ಲು, ಈ ಕಡೆಯ ಊರುಗಳಲ್ಲಿ ಜಾತ್ರೆಗೋ, ರಾಜ್ಯೋತ್ಸವಕ್ಕೋ, ಯುವಕ ಮಂಡಳದ ವಾರ್ಷಿಕೋತ್ಸವಕ್ಕೋ ಇಡುವ ರಸ್ತೆ ಓಟ. ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಕಟ್ಟಿರ್ತಾರೆ. ದೊಡ್ಡ ಅಕ್ಷರದಲ್ಲಿ ‘ಮುಕ್ತ ಮ್ಯಾರಥಾನ್’ ಅಂತ, ಕೆಳಗೆ ಸಣ್ಣದಾಗಿ ‘5 ಕಿ.ಮೀ.’ ಅಥವಾ ‘10 ಕಿ.ಮೀ.’ ಅಂತ ಇರುತ್ತೆ.

ಮ್ಯಾರಥಾನ್ ಅಂದ್ರೆ 42.195 ಕಿ.ಮೀ. ಮಾತ್ರ. ಹಾಫ್ ಮ್ಯಾರಥಾನ್ ಅದರ ಅರ್ಧ, 21.0975. ಉಳಿದದ್ದೆಲ್ಲ ಬರೀ ರಸ್ತೆ ಓಟ. ಇದನ್ನ ಸಂಘಟಕರ ಹತ್ತಿರ ಹೋಗಿ ವಾದ ಮಾಡ್ಬೇಡಿ, ನಮ್ಮ ಕಡೆ ಆ ಪದ ಈಗ ‘ಉದ್ದ ಓಟ’ ಅನ್ನೋ ಅರ್ಥಕ್ಕೆ ನಿಂತುಬಿಟ್ಟಿದೆ.

ಈ ಲೇಖನ ಗೆಲ್ಲೋಕೆ ಹೋಗುವವರಿಗಲ್ಲ. ದಿನಾ ಲ್ಯಾಬ್, ಕ್ಲಾಸು, ಇಂಟರ್ನಲ್ಸ್ ಅಂತ ಕೂತಲ್ಲೇ ಕೂತು, ರಜೆಗೆ ಊರಿಗೆ ಹೋದಾಗ ಫ್ಲೆಕ್ಸ್ ನೋಡಿ ‘ನಾನೂ ಒಂದು ಕೈ ನೋಡ್ಲಾ’ ಅನ್ನಿಸಿದ ನಮ್ಮಂಥವರಿಗೆ. ಅಂಥವರು ಎರಡು ಥರ ಸೋಲ್ತಾರೆ. ಒಂದು, ತಯಾರಿ ಇಲ್ಲದೆ ಹೋಗಿ ಎರಡನೇ ಕಿಲೋಮೀಟರಿಗೆ ಪಕ್ಕೆ ಹಿಡ್ಕೊಂಡು ಕೂರೋದು. ಇನ್ನೊಂದು, ಸ್ಟಾರ್ಟಿಂಗ್ ಲೈನಿನಲ್ಲಿ ಮುಂದೆ ನಿಂತಿರೋ ಹುಡುಗರ ಮೈಕಟ್ಟು ನೋಡಿ ಹೆಸರೇ ಕೊಡದೆ ವಾಪಸ್ ಬರೋದು.

ಮುಂದೆ ನಿಂತಿರೋರು ಯಾರು?

ಎರಡನೇ ಭಯ ಅರ್ಥ ಆಗ್ಬೇಕು ಅಂದ್ರೆ ಅವರು ಯಾರು ಅಂತ ಗೊತ್ತಿರಬೇಕು. ನಸುಕಿನಲ್ಲಿ ಎದ್ದು ನಮ್ಮ ಕಡೆಯ ಯಾವ ರಸ್ತೆಗೆ ಹೋದ್ರೂ ಓಡ್ತಿರೋ ಹುಡುಗರು ಕಾಣ್ತಾರೆ. ಬಹಳಷ್ಟು ಜನ ಹವ್ಯಾಸಕ್ಕೆ ಓಡ್ತಿಲ್ಲ, ಭರ್ತಿಗೆ ಓಡ್ತಿದ್ದಾರೆ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಗ್ನಿವೀರ ಭರ್ತಿಯಲ್ಲಿ ಪೂರ್ತಿ ಅಂಕ ಬೇಕು ಅಂದ್ರೆ 1.6 ಕಿ.ಮೀ.ಗೆ 5 ನಿಮಿಷ 30 ಸೆಕೆಂಡು. ಅವರ ಪಾಲಿಗೆ ಓಟ ಅಂದ್ರೆ ಕೆಲಸ, ಅಂದ್ರೆ ಮನೆಯ ಸಾಲ, ತಂಗಿಯ ಮದುವೆ. ಊರಿನ ಓಟದ ಮೊದಲ ಬಹುಮಾನ ಅವರಿಗೆ ಹೋದ್ರೆ ಅದು ಹೋಗಬೇಕಾದ ಜಾಗಕ್ಕೇ ಹೋಗಿದೆ.

ಅವರು 10 ಕಿ.ಮೀ. ಎಷ್ಟರಲ್ಲಿ ಓಡಬಹುದು ಅನ್ನೋದಕ್ಕೆ ಒಂದು ಚಂದದ ಸೂತ್ರ ಇದೆ. ಪೀಟರ್ ರೀಗಲ್ ಅನ್ನೋ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟದ್ದು. ಒಂದು ದೂರಕ್ಕೆ ನಿಮಗೆ ಹಿಡಿದ ಸಮಯ ಗೊತ್ತಿದ್ರೆ, ಹೊಸ ದೂರವನ್ನ ಹಳೇ ದೂರದಿಂದ ಭಾಗಿಸಿ, ಅದರ 1.06ನೇ ಘಾತ ತಗೊಂಡು, ಹಳೇ ಸಮಯಕ್ಕೆ ಗುಣಿಸಿ. ದೂರ ಎರಡು ಪಟ್ಟಾದ್ರೆ ಸಮಯ ಎರಡು ಪಟ್ಟಾಗಲ್ಲ, ಸುಮಾರು 2.085 ಪಟ್ಟಾಗುತ್ತೆ. ಆ 0.06 ಇದೆಯಲ್ಲ, ಅದೇ ಸುಸ್ತು.

5:30ರ ಹುಡುಗನಿಗೆ ಲೆಕ್ಕ ಹಾಕಿ: 10 ಕಿ.ಮೀ.ಗೆ ಸುಮಾರು 38 ನಿಮಿಷ 20 ಸೆಕೆಂಡು. 6:30ರವನಿಗೆ ಸುಮಾರು 45 ನಿಮಿಷ 20 ಸೆಕೆಂಡು. ಇನ್ನು ನೀವು 5 ಕಿ.ಮೀ.ಯನ್ನ 25 ನಿಮಿಷದಲ್ಲಿ ಓಡೋರಾದ್ರೆ 10 ಕಿ.ಮೀ.ಗೆ 52 ನಿಮಿಷ ಚಿಲ್ಲರೆ. ಅಂದ್ರೆ ಮುಂದಿನವರು ಮುಗಿಸಿದಾಗ ನಿಮಗಿನ್ನೂ ಎರಡೂವರೆ ಕಿಲೋಮೀಟರಿನಷ್ಟು ಉಳಿದಿರುತ್ತೆ. ಇದು ಮೊದಲೇ ಗೊತ್ತಿದ್ರೆ ಅವರ ಬೆನ್ನು ಹತ್ತೋ ಹುಚ್ಚುತನ ಬರೋದಿಲ್ಲ. ಸೂತ್ರ ಸುಳ್ಳು ಹೇಳೋ ಸಂದರ್ಭವೂ ಇದೆ. ಹೊಸ ದೂರಕ್ಕೆ ತಕ್ಕ ಅಭ್ಯಾಸ ನೀವು ಮಾಡಿರ್ತೀರಿ ಅಂತ ಅದು ನಂಬಿಕೊಂಡಿದೆ. ಬರೀ 1600 ಮೀಟರಿಗೇ ತಯಾರಾದ ಹುಡುಗ 10 ಕಿ.ಮೀ.ಯಲ್ಲಿ ಅಷ್ಟು ಚೆನ್ನಾಗಿ ಓಡಲಾರ. ಹಾಗಾಗಿಯೇ ಏಳನೇ ಕಿಲೋಮೀಟರಿನ ನಂತರ ಮೊದಲು ಬಾಣದ ಹಾಗೆ ಹೋದವರು ಕೆಲವರು ನಡೀತಾ ಸಿಗ್ತಾರೆ.

ಒಂದು ಹೋಲಿಕೆಗೆ ಬೆಂಗಳೂರಿನ ಓಟ ನೋಡಿ. 2008ರಲ್ಲಿ ಶುರುವಾದ ವರ್ಲ್ಡ್ 10ಕೆಯಲ್ಲಿ ನಮ್ಮಂಥ ಹವ್ಯಾಸಿಗಳು ಓಡೋ ದಿನವೇ, ಅದೇ ಊರಲ್ಲಿ, ಕೀನ್ಯಾ, ಇಥಿಯೋಪಿಯಾದ ಓಟಗಾರರೂ ಓಡ್ತಾರೆ. 2022ರಲ್ಲಿ ಅಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆಗೆ 21.7 ಕಿ.ಮೀ. ವೇಗ, ಅದೂ ಅರ್ಧ ಗಂಟೆ ಹತ್ತಿರ ಹತ್ತಿರ. ಅದೇ ವರ್ಷ ಮಹಿಳೆಯರಲ್ಲಿ ಐರೀನ್ ಚೆಪ್ಟಾಯ್ 30 ನಿಮಿಷ 35 ಸೆಕೆಂಡು. ನಮ್ಮೂರಲ್ಲಿ ಸೈಕಲ್ ತುಳಿದುಕೊಂಡು ಹೊಲಕ್ಕೆ ಹೋಗೋರೂ ಅಷ್ಟು ಜೋರಾಗಿ ಹೋಗಲ್ಲ.

ಹತ್ತು ಕಿಲೋಮೀಟರ್ ನಿಜವಾಗ್ಲೂ ಹತ್ತೇನಾ?

ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆಗುತ್ತೆ. ಊರಿನ ಓಟದಲ್ಲಿ ದೂರ ಅಳೆಯೋದು ಬೈಕಿನ ಮೀಟರಿನಲ್ಲಿ. ಒಬ್ಬ ಬೈಕ್ ತಗೊಂಡು ಹೋಗಿ, ಐದು ಕಿ.ಮೀ. ತೋರಿಸಿದ ಕಡೆ ಒಂದು ಡ್ರಮ್ಮೋ ಕಲ್ಲೋ ಇಟ್ಟು ಬರ್ತಾನೆ, ಓಟಗಾರರು ಅದನ್ನ ಸುತ್ತಿ ವಾಪಸ್ ಬರಬೇಕು. ಬೈಕಿನ ಮೀಟರ್ ತೋರಿಸೋ ಕಡೇ ಅಂಕಿಯೇ 100 ಮೀಟರಿನದು. ಟೈರು ಸವೆದಿದ್ರೆ, ಗಾಳಿ ಕಮ್ಮಿ ಇದ್ರೆ ಅದೂ ಸೇರಿಕೊಳ್ಳುತ್ತೆ. ಶೇಕಡಾ 5 ತಪ್ಪಿದ್ರೂ 10 ಕಿ.ಮೀ.ಯಲ್ಲಿ 500 ಮೀಟರ್. ಕಿಲೋಮೀಟರಿಗೆ 6 ನಿಮಿಷದಂತೆ ಓಡೋನಿಗೆ ಅದು 3 ನಿಮಿಷದ ವ್ಯತ್ಯಾಸ. ನಿಮ್ಮ ಗೆಳೆಯ ಹೋದ ವರ್ಷ ಇನ್ನೊಂದೂರಲ್ಲಿ ‘48 ನಿಮಿಷದಾಗ ಮುಗಿಸೀನಿ’ ಅಂದ್ರೆ ನಂಬಿ, ಆದರೆ ಯಾವ 10 ಕಿ.ಮೀ. ಅಂತ ಕೇಳಿ.

ದೊಡ್ಡ ಓಟಗಳಲ್ಲಿ ಇದನ್ನ ಅಳೆಯೋದು ಉಪಗ್ರಹದಿಂದ ಅಂದ್ಕೊಂಡಿದ್ರೆ, ಅಲ್ಲ. ಸೈಕಲ್ಲಿನಿಂದ! ಮುಂದಿನ ಗಾಲಿಯ ಅಚ್ಚಿಗೆ ಜೋನ್ಸ್ ಕೌಂಟರ್ ಅನ್ನೋ ಸಣ್ಣ ಗೇರಿನ ಎಣಿಕೆ ಯಂತ್ರ ಹಾಕ್ತಾರೆ. ಗಾಲಿ ಒಂದು ಸುತ್ತು ಸುತ್ತಿದ್ರೆ ಅದು ಇಪ್ಪತ್ತರ ಆಸುಪಾಸು ಎಣಿಸುತ್ತೆ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ಸೈಕಲ್ ಓಡಿಸಿ, ಇಷ್ಟು ಮೀಟರಿಗೆ ಇಷ್ಟು ಎಣಿಕೆ ಅಂತ ಕ್ಯಾಲಿಬ್ರೇಟ್ ಮಾಡ್ತಾರೆ. ಆಮೇಲೆ ಓಟದ ದಾರಿ ಅಳೆದು, ಬಂದು, ಮತ್ತೆ ಕ್ಯಾಲಿಬ್ರೇಟ್ ಮಾಡ್ತಾರೆ. ಯಾಕಂದ್ರೆ ಬಿಸಿಲೇರಿದ ಹಾಗೆ ಟೈರಿನ ಗಾಳಿ ಹಿಗ್ಗಿ ಗಾಲಿಯ ಸುತ್ತಳತೆ ಬದಲಾಗುತ್ತೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಓಟಗಾರ ಹೋಗಬಹುದಾದ ಅತಿ ಹತ್ತಿರದ ದಾರಿಯನ್ನೇ ಹಿಡೀಬೇಕು. ಇಷ್ಟಾದ ಮೇಲೂ ದಾರಿ ಗಿಡ್ಡ ಆಗಬಾರದು ಅಂತ ಸಾವಿರಕ್ಕೆ ಒಂದು ಪಾಲು ಸೇರಿಸ್ತಾರೆ. ಹಾಗಾಗಿ ಪ್ರಮಾಣಿತ 10 ಕಿ.ಮೀ. ಅಂದ್ರೆ 10,010 ಮೀಟರ್ ಅಂತ ಗುರುತು ಹಾಕಿದ ದಾರಿ. ಸೂತ್ರ ಕೊಟ್ಟ ಅದೇ ರೀಗಲ್ ಈ ಅಳತೆ ಕೆಲಸದಲ್ಲೂ ಹೆಸರು ಮಾಡಿದ ಮನುಷ್ಯ.

ನಿಮ್ಮ ವಾಚಿನ ಜಿಪಿಎಸ್ 10.2 ತೋರಿಸಿದ್ರೆ ಸಂಘಟಕರನ್ನ ಬೈಯೋ ಮೊದಲು ಇದನ್ನ ನೆನಪಿಡಿ. ನೀವು ಅತಿ ಹತ್ತಿರದ ದಾರಿಯಲ್ಲಿ ಓಡಿರಲ್ಲ, ವಾಚು ಒಂದೊಂದು ಬಿಂದುವನ್ನೂ ಅಲ್ಲಲ್ಲಿ ಕೆಲವು ಮೀಟರ್ ಆಚೀಚೆ ಗುರುತು ಮಾಡಿಕೊಂಡು ಅಂಕುಡೊಂಕಾಗಿ ಸೇರಿಸಿರುತ್ತೆ. ಕಾಲೇಜಿನ ಟ್ರ್ಯಾಕಿನಲ್ಲೂ ಇದೇ ಕಥೆ. 400 ಮೀಟರ್ ಅನ್ನೋದು ಒಳಗಿನ ಲೇನಿಗೆ ಮಾತ್ರ. ಲೇನಿನ ಅಗಲ 1.22 ಮೀಟರ್, ಹಾಗಾಗಿ ಒಂದೊಂದು ಲೇನ್ ಹೊರಗೆ ಹೋದ್ರೆ ಸುತ್ತಿಗೆ 7.66 ಮೀಟರ್ ಹೆಚ್ಚು. ನಾಲ್ಕನೇ ಲೇನಿನಲ್ಲಿ 25 ಸುತ್ತು ಹೊಡೆದೋರು 10 ಕಿ.ಮೀ. ಅಲ್ಲ, ಸುಮಾರು 10.57 ಕಿ.ಮೀ. ಓಡಿರ್ತಾರೆ.

ನಮ್ಮ ಇಸಿ, ಮೆಕ್ಯಾನಿಕಲ್ ಗೆಳೆಯರಿಗೆ ಒಂದು ಮಾತು. ಹಳೇ ಸೈಕಲ್ಲು, ಒಂದು ಅಯಸ್ಕಾಂತ, ಒಂದು ರೀಡ್ ಸ್ವಿಚ್, ಒಂದು ಆರ್ಡುಯಿನೊ ಇದ್ರೆ ಊರಿನ ಓಟದ ದಾರಿಯನ್ನ ಬೈಕಿಗಿಂತ ಎಷ್ಟೋ ಚೆನ್ನಾಗಿ ಅಳೆಯಬಹುದು. ಗಾಲಿಯ ಸುತ್ತಳತೆಯನ್ನ ಟೇಪಿನಿಂದ ಅಳೆದು ಗುಣಿಸಬೇಡಿ. ಸುತ್ತಳತೆ 2 ಮೀಟರ್ ಚಿಲ್ಲರೆ ಇರುತ್ತೆ, ಅದರಲ್ಲಿ 1 ಮಿ.ಮೀ. ತಪ್ಪಿದ್ರೆ 10 ಕಿ.ಮೀ.ಗೆ 5 ಮೀಟರ್ ತಪ್ಪಾಗುತ್ತೆ, ಮೇಲೆ ಕೂತವರ ತೂಕಕ್ಕೆ ಟೈರು ಇಳಿಯೋದು ಬೇರೆ. 300 ಮೀಟರ್ ನೇರ ರಸ್ತೆ ಅಳೆದು, ತುಳಿಯೋ ಮನುಷ್ಯನನ್ನೇ ಕೂರಿಸಿ ಕ್ಯಾಲಿಬ್ರೇಟ್ ಮಾಡಿ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಾ ಇದ್ರೆ ತಗೊಳ್ಳಿ.

ದೂರದ ಮಾತು ಬಂದ್ರೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನ ನೆನೆಯದೆ ಮುಂದೆ ಹೋಗೋಕಾಗಲ್ಲ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಅವರು ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಬಂದರು. 42.195 ಅನ್ನೋ ಅಂಕಿ 1908ರ ಲಂಡನ್ ಒಲಿಂಪಿಕ್ಸಿನಿಂದ ಬಂದದ್ದಾದರೂ ಅದು ಅಧಿಕೃತವಾಗಿ ಗಟ್ಟಿಯಾದದ್ದು 1921ರಲ್ಲಿ. ಆಂಟ್‌ವರ್ಪಿನ ದಾರಿ 42.75 ಕಿ.ಮೀ. ಇತ್ತು, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲೇ ಅತಿ ಉದ್ದದ್ದು. ಅವರ ವೇಗ ಲೆಕ್ಕ ಹಾಕಿದ್ರೆ ಕಿಲೋಮೀಟರಿಗೆ ಸರಿಯಾಗಿ 4 ನಿಮಿಷ. ಇಂದಿನ ಪೊಲೀಸ್ ಭರ್ತಿಯ 1600 ಮೀಟರಿನ ಗಡುವು ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಆ ವೇಗವನ್ನ ಅವರು ಸುಮಾರು ಮೂರು ಗಂಟೆ ಹೊತ್ತು, ನೂರು ವರ್ಷದ ಹಿಂದಿನ ಬೂಟಿನಲ್ಲಿ, ಪರದೇಶದಲ್ಲಿ ಹಿಡಿದಿದ್ದರು. ನಮ್ಮ ಪಠ್ಯದಲ್ಲಿ ಈ ಹೆಸರು ಯಾಕಿಲ್ಲವೋ.

ಎಂಟು ವಾರ ಸಾಕು, ಎಂಟು ದಿನ ಸಾಲದು

ಆರೋಗ್ಯವಾಗಿರೋ, ಆದರೆ ಓಡಿ ರೂಢಿ ಇಲ್ಲದ ವಿದ್ಯಾರ್ಥಿಗೆ 5 ಕಿ.ಮೀ. ನಿಲ್ಲದೆ ಓಡೋಕೆ ಎಂಟು ವಾರ ಸಾಕಾಗುತ್ತೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರ ವಾರ ಓಟ ಹೆಚ್ಚಿಸಿ ನಡಿಗೆ ಕಮ್ಮಿ ಮಾಡ್ತಾ ಹೋಗಿ. ಉಸಿರು ಮತ್ತು ಹೃದಯ ಬೇಗ ಹೊಂದಿಕೊಳ್ಳುತ್ತವೆ, ಮೂಳೆ, ಸ್ನಾಯುರಜ್ಜುಗಳು ನಿಧಾನ. ಮೂರನೇ ವಾರ ‘ನಾನು ಇನ್ನೂ ಓಡಬಲ್ಲೆ’ ಅನ್ನಿಸೋದು, ಮೊಣಕಾಲ ಕೆಳಗಿನ ಮೂಳೆ ನೋಯೋಕೆ ಶುರು ಆಗೋದು ಎರಡೂ ಸಾಮಾನ್ಯವಾಗಿ ಒಟ್ಟೊಟ್ಟಿಗೇ ಬರುತ್ತವೆ. ವೇಗ ಎಷ್ಟಿರಬೇಕು ಅಂದ್ರೆ, ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋ ಹಾಗಿರಬೇಕು. ಒಂದೊಂದೇ ಪದ ಬರ್ತಿದ್ರೆ ಜೋರಾಯ್ತು.

ಬೂಟಿನ ಬಗ್ಗೆ ಎಲ್ಲರೂ ಕೇಳ್ತಾರೆ. 1960ರಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನ್ ಗೆದ್ದರು, 1964ರಲ್ಲಿ ಬೂಟು ಹಾಕ್ಕೊಂಡೂ ಗೆದ್ದರು. ನಮ್ಮೂರ ಓಟಗಳಲ್ಲೂ ಬರಿಗಾಲ ಹುಡುಗರು ಮುಂದಿರ್ತಾರೆ, ಅವರ ಪಾದಕ್ಕೆ ಚಿಕ್ಕಂದಿನಿಂದ ರೂಢಿ ಇರುತ್ತೆ. ನಿಮಗಿಲ್ಲದಿದ್ರೆ ಬೇಡ. ಇರೋ ಬೂಟು ಸರಿಯಾಗಿ ಕೂತರೆ ಸಾಕು. ಓಟದ ದಿನಕ್ಕಂತ ಹೊಸ ಬೂಟು ತಗೊಂಡು ಅವತ್ತೇ ಹಾಕ್ಕೊಂಡ್ರೆ ಬೊಬ್ಬೆ ಗ್ಯಾರಂಟಿ.

ಚಿಕ್ಕೇರೂರಿನಿಂದ ಹಂಸಭಾವಿ ಕಡೆಗೋ ಹಿರೇಕೆರೂರು ಕಡೆಗೋ ಅಭ್ಯಾಸಕ್ಕೆ ಹೋಗೋರು ರಸ್ತೆಯ ಬಲಗಡೆ, ಅಂದ್ರೆ ಎದುರು ಬರೋ ಗಾಡಿ ಕಾಣೋ ಹಾಗೆ ಓಡಿ. ಹಿಂದಿನಿಂದ ಬರೋ ಟ್ರ್ಯಾಕ್ಟರಿನವನು ನಿಮ್ಮನ್ನ ನೋಡಿದ್ದಾನೋ ಇಲ್ಲವೋ ಅನ್ನೋದು ನಿಮಗೆ ತಿಳಿಯಲ್ಲ. ಗೋವಿನಜೋಳದ ರಾಶಿ ಕಾಲದಲ್ಲಿ ಅರ್ಧ ರಸ್ತೆಗೆ ಕಾಳು ಹರವಿರ್ತಾರೆ. ಅದರ ಮೇಲೆ ಕಾಲಿಟ್ರೆ ಬಾಲ್ ಬೇರಿಂಗಿನ ಮೇಲೆ ನಿಂತ ಹಾಗೆ, ಮೇಲಾಗಿ ಅದು ಒಬ್ಬ ರೈತನ ವರ್ಷದ ಬೆಳೆ. ಸುತ್ತು ಹಾಕಿ ಹೋಗಿ. ನಾಯಿ ಬೆನ್ನು ಹತ್ತಿದ್ರೆ ಓಡಬೇಡಿ, ನಿಂತು ನಡೀರಿ. ‘ಯಾಕೋ ತಮ್ಮಾ, ಬಸ್ ತಪ್ಪೇತೇನು?’ ಅಂತ ಕಟ್ಟೆಮೇಲೆ ಕೂತ ಹಿರಿಯರು ಕೇಳೋದು ಮೊದಲ ವಾರ ಮಾತ್ರ.

ಹುಡುಗಿಯರಿಗೆ ಈ ಮಾತುಗಳಷ್ಟೇ ಸಾಲಲ್ಲ ಅಂತ ಗೊತ್ತು. ನಸುಕಿನಲ್ಲಿ ಒಬ್ಬಳೇ ರಸ್ತೆಗೆ ಇಳಿಯೋ ಸ್ವಾತಂತ್ರ್ಯ ಊರಲ್ಲೂ ಕಮ್ಮಿ, ಹಾಸ್ಟೆಲಿನ ಗೇಟಿನ ಹೊತ್ತು ನೋಡಿದ್ರೆ ಇಲ್ಲೂ ಕಮ್ಮಿ. ಊರಿನ ಓಟಗಳಲ್ಲಿ ಮಹಿಳಾ ವಿಭಾಗ ಇದ್ದರೂ ಬಹಳ ಕಡೆ ದೂರ ಅರ್ಧ, ಬಹುಮಾನವೂ ಅರ್ಧ. ದೂರ ಅರ್ಧ ಮಾಡೋಕೆ ದೇಹಶಾಸ್ತ್ರದಲ್ಲಿ ಕಾರಣ ಇಲ್ಲ, ಇರೋದು ಹಳೇ ನಂಬಿಕೆ. 1928ರ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ಓಟ ಇಟ್ಟು, ಕೊನೆಯಲ್ಲಿ ಓಟಗಾರ್ತಿಯರು ಬಳಲಿದ್ದನ್ನೇ ದೊಡ್ಡದು ಮಾಡಿ, 1960ರವರೆಗೆ ಆ ಓಟವನ್ನೇ ತೆಗೆದುಬಿಟ್ಟಿದ್ದರು. ಗಂಡಸರೂ ಓಟ ಮುಗಿಸಿ ಬೀಳ್ತಾರೆ, ಅದಕ್ಕೆ ಯಾರೂ ಓಟ ನಿಲ್ಲಿಸಲಿಲ್ಲ. ಬಾಸ್ಟನ್ ಮ್ಯಾರಥಾನಿಗೆ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ನನ್ನ ಸಲಹೆ ಇಷ್ಟೇ: ಹೆಸರು ಕೊಡೋ ಮೊದಲು ನಾಲ್ಕೈದು ಜನ ಒಟ್ಟಿಗೆ ಹೋಗಿ ಸಂಘಟಕರನ್ನ ಕೇಳಿ, ‘ಅಣ್ಣಾರ, ನಾವೂ ಹತ್ತೇ ಓಡ್ತೀವಿ’ ಅಂತ. ಒಬ್ಬಳು ಕೇಳಿದ್ರೆ ‘ನೋಡೋಣವಾ’ ಅಂತಾರೆ, ಐದು ಜನ ಹೆಸರು ಬರೆಸೋಕೆ ನಿಂತ್ರೆ ವಿಭಾಗ ತೆಗೀಬೇಕಾಗುತ್ತೆ.

ಆರೂವರೆ ಅಂದ್ರೆ ಎಂಟೂ ಕಾಲು

ಫ್ಲೆಕ್ಸಿನಲ್ಲಿ ಬೆಳಗ್ಗೆ 6:30 ಅಂತ ಇರುತ್ತೆ. ಉದ್ಘಾಟಕರು ಬರಬೇಕು, ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ನಾಲ್ಕು ಜನ ಮಾತಾಡಬೇಕು. ಹಸಿರು ಬಾವುಟ ಏಳೋದು ಎಂಟು ಗಂಟೆ ಮೇಲೆ. ಇದು ನಗೋ ವಿಷಯ ಅನ್ನಿಸಬಹುದು, ಆದರೆ ಇಡೀ ಓಟದಲ್ಲಿ ಅಪಾಯದ ಸಂಗತಿ ಅಂದ್ರೆ ಇದೇ.

ಲೆಕ್ಕ ನೋಡಿ. ಓಡುವಾಗ ಒಂದು ಕೆಜಿ ತೂಕಕ್ಕೆ ಒಂದು ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ಖರ್ಚು. 60 ಕೆಜಿಯವರು 10 ಕಿ.ಮೀ.ಯನ್ನ ಒಂದು ಗಂಟೆಯಲ್ಲಿ ಓಡಿದ್ರೆ 600 ಕಿಲೋಕ್ಯಾಲರಿ, ಅಂದ್ರೆ ಸುಮಾರು 2500 ಕಿಲೋಜೌಲ್, ಅಂದ್ರೆ 700 ವ್ಯಾಟ್. ಸ್ನಾಯುಗಳ ದಕ್ಷತೆ ಕಾಲು ಭಾಗ ಅಂತ ಹಿಡಿದರೂ 500 ವ್ಯಾಟಿಗಿಂತ ಹೆಚ್ಚು ಬರೀ ಶಾಖ. ವಾರ್ಡನ್ ಕಣ್ಣು ತಪ್ಪಿಸಿ ಇಟ್ಟಿರ್ತೀರಲ್ಲ 1000 ವ್ಯಾಟಿನ ಇಮ್ಮರ್ಷನ್ ರಾಡು, ಅದರಲ್ಲಿ ಅರ್ಧದ್ದು ಒಂದು ಗಂಟೆ ನಿಮ್ಮ ಮೈಯೊಳಗೆ ಉರಿದಂಗೆ. ಈ ಶಾಖ ಹೊರಗೆ ಹೋಗೋ ಮುಖ್ಯ ದಾರಿ ಬೆವರು ಆವಿಯಾಗೋದು. ಒಂದು ಗ್ರಾಂ ಬೆವರು ಸುಮಾರು 2.4 ಕಿಲೋಜೌಲ್ ಒಯ್ಯುತ್ತೆ, ಹಾಗಾಗಿ ಗಂಟೆಗೆ 800 ಮಿಲಿಲೀಟರ್ ಹತ್ತಿರ ಬೆವರು ಆವಿಯಾಗಬೇಕು. ಆವಿಯಾಗಬೇಕು, ಸುರಿದು ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ. ಮೋಡ ಮುಚ್ಚಿ ಸೆಕೆ ಇರೋ ದಿನ ಬಿಸಿಲಿಲ್ಲ ಅಂತ ಖುಷಿಪಡಬೇಡಿ, ಅವತ್ತು ಬೆವರು ಆರೋದೇ ಇಲ್ಲ. ಬಾವುಟ ತಡವಾಗಿ ಎದ್ದರೆ ನಿಮ್ಮ ಗುರಿ ಬದಲಿಸಿ, ಕಿಲೋಮೀಟರಿಗೆ ಅರ್ಧ ನಿಮಿಷವಾದ್ರೂ ನಿಧಾನ ಮಾಡಿ. ಓಡ್ತಾ ಓಡ್ತಾ ತಲೆ ತಿರುಗಿ, ಮಾತು ತೊದಲಿ, ದಿಕ್ಕು ತಪ್ಪಿದ ಹಾಗಾದವರು ಕಂಡ್ರೆ ನಿಮ್ಮ ಓಟ ಬಿಟ್ಟು ಅವರನ್ನ ನೆರಳಿಗೆ ಎಳೆದು ಮೈತುಂಬ ನೀರು ಸುರಿಯಿರಿ, ಆಂಬ್ಯುಲೆನ್ಸಿಗೆ 108 ಒತ್ತಿ.

ನೀರು ಬಾಯಾರಿಕೆಗೆ ತಕ್ಕಷ್ಟು. ಹೆದರಿಕೊಂಡು ಲೀಟರುಗಟ್ಟಲೆ ಕುಡಿದ್ರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯವೇ. ಗ್ಲೂಕೋಸ್ ಪೊಟ್ಟಣಗಳ ಅವಶ್ಯಕತೆ 10 ಕಿ.ಮೀ.ಗೆ ಇಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ 400ರಿಂದ 500 ಗ್ರಾಂ ಗ್ಲೈಕೋಜೆನ್ ಇರುತ್ತೆ, ಅಂದ್ರೆ 1600ರಿಂದ 2000 ಕಿಲೋಕ್ಯಾಲರಿ. ನಿಮಗೆ ಬೇಕಿರೋದು 600. ಎರಡು ಗಂಟೆ ಮೊದಲು ಅವಲಕ್ಕಿಯೋ ಬಾಳೆಹಣ್ಣೋ ತಿಂದ್ರೆ ಆಯ್ತು. ತಡ ಆಗುತ್ತೆ ಅಂತ ಗೊತ್ತಿರೋದ್ರಿಂದ ಇನ್ನೊಂದು ಬಾಳೆಹಣ್ಣು ಜೇಬಲ್ಲಿರಲಿ.

ಯಾವಾಗ ಓಡಲೇಬಾರದು: ಹಿಂದಿನ ವಾರ ಜ್ವರ ಬಂದಿದ್ರೆ. ಜ್ವರ ತರೋ ವೈರಸ್ಸು ಹೃದಯದ ಸ್ನಾಯುವಿಗೂ ಹತ್ತಿರಬಹುದು. ಓಡುವಾಗ ಎದೆನೋವು ಬಂದಿದ್ರೆ, ತಲೆಸುತ್ತಿ ಬಿದ್ದಿದ್ರೆ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದ್ರೂ ಹಠಾತ್ತನೆ ತೀರಿಕೊಂಡಿದ್ರೆ ಮೊದಲು ಡಾಕ್ಟರ ಹತ್ತಿರ ಹೋಗಿ.

ಓಟ ಶುರುವಾದಾಗ ಹಿಂದೆ ನಿಲ್ಲಿ. ದೊಡ್ಡ ಓಟಗಳಲ್ಲಿ ಎದೆಯ ನಂಬರಿನ ಹಿಂದೆ ಆರ್‌ಎಫ್‌ಐಡಿ ಚಿಪ್ಪು ಅಂಟಿಸಿರ್ತಾರೆ. ಅದಕ್ಕೆ ಬ್ಯಾಟರಿ ಇರಲ್ಲ, ಗೆರೆಯ ಮೇಲಿನ ಆಂಟೆನಾದಿಂದ ಬರೋ ರೇಡಿಯೊ ಅಲೆಯ ಶಕ್ತಿಯಲ್ಲೇ ತನ್ನ ನಂಬರ್ ಹೇಳುತ್ತೆ. ನೀವು ಗೆರೆ ದಾಟಿದ ಮೇಲಷ್ಟೇ ನಿಮ್ಮ ಸಮಯ ಶುರು. ಊರಲ್ಲಿ ಇರೋದು ಒಂದು ಸ್ಟಾಪ್‌ವಾಚು, ತಿರುವಿನಲ್ಲಿ ಒಬ್ಬ ಹುಡುಗ. ಕೆಲವು ಕಡೆ ಆತ ಕೈಗೆ ರಬ್ಬರ್ ಬ್ಯಾಂಡು ಹಾಕ್ತಾನೆ ಅಥವಾ ಬಣ್ಣ ಹಚ್ಚುತ್ತಾನೆ, ಅಡ್ಡದಾರಿ ಹಿಡಿದಿಲ್ಲ ಅನ್ನೋದಕ್ಕೆ ಸಾಕ್ಷಿ. ಅದನ್ನ ಕೇಳಿ ಹಾಕಿಸ್ಕೊಳ್ಳಿ. ಹಿಂದೆ ನಿಂತದ್ದಕ್ಕೆ ನಿಮಗೆ ಹೋಗೋದು ಐದಾರು ಸೆಕೆಂಡು, ಉಳಿಯೋದು ಮೊದಲ ಅರ್ಧ ಕಿಲೋಮೀಟರಿನ ನೂಕುನುಗ್ಗಲು. ಮೊದಲ ಎರಡು ಕಿಲೋಮೀಟರ್ ಬೇಜಾರಾಗೋಷ್ಟು ನಿಧಾನ ಓಡಿ. ನಮ್ಮ ಕಡೆ ಅರೆಮಲೆನಾಡು, ರಸ್ತೆ ಕಣ್ಣಿಗೆ ಸಪಾಟು ಕಂಡ್ರೂ ಸಣ್ಣ ಸಣ್ಣ ಏರು ಇರುತ್ತೆ. ಏರಿನಲ್ಲಿ ವೇಗ ಬಿಡಿ, ಉಸಿರು ಕಾಯ್ದುಕೊಳ್ಳಿ.

ಮುಗಿಸಿದ ಕೂಡಲೇ ನಿಲ್ಲಬೇಡಿ, ಕೂರಬೇಡಿ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನ ಮೇಲಕ್ಕೆ ಒತ್ತುತ್ತಿರ್ತವೆ. ಗಕ್ಕನೆ ನಿಂತ್ರೆ ಆ ಪಂಪು ನಿಂತು ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತೆ. ಐದು ಹತ್ತು ನಿಮಿಷ ನಡೀರಿ, ಆಮೇಲೆ ಉಪ್ಪಿಟ್ಟಿನ ಸಾಲಿಗೆ ಹೋಗಿ. ಸರ್ಟಿಫಿಕೇಟಿನಲ್ಲಿ ಹೆಸರು ಸರಿಯಾಗಿ ಬರೆದಿದ್ದಾರಾ ನೋಡ್ಕೊಳ್ಳಿ. ಮರುದಿನಕ್ಕಿಂತ ಅದರ ಮರುದಿನ ತೊಡೆ ಹೆಚ್ಚು ನೋಯುತ್ತೆ, ಅದರಲ್ಲೂ ಮೆಟ್ಟಿಲು ಹತ್ತುವಾಗಿಗಿಂತ ಇಳಿಯುವಾಗ, ಯಾಕಂದ್ರೆ ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೀಬೇಕು. ಮೂರ್ನಾಲ್ಕು ದಿನದಲ್ಲಿ ಹೋಗುತ್ತೆ, ಮಾತ್ರೆ ಬೇಕಿಲ್ಲ. ಹಾಸ್ಟೆಲಿನಲ್ಲಿ ಮೂರನೇ ಮಹಡಿಯವರು ಅಷ್ಟು ದಿನ ಮೆಸ್ಸಿಗೆ ಹತ್ತು ನಿಮಿಷ ಮೊದಲೇ ಹೊರಡಿ.